ಗೇರು ಮರದಲ್ಲಿ ಉಳಿದ ಚೀಲ

ಮೊನ್ನೆ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದೆ. ಕುಂದಾಪುರದ ಈ ಓಣಿಯಲ್ಲಿ ನನ್ನದೊಂದು ಸಣ್ಣ ಟೈಲರ್ ಅಂಗಡಿ ಇದೆ. ರವಿಕೆ, ಚೂಡಿದಾರ, ಶಾಲೆ ಮಕ್ಕಳ ಯೂನಿಫಾರಂ ಹೊಲಿದು ಬದುಕುವವಳು ನಾನು. ಎದುರಿನ ಖಾಲಿ ಜಾಗದಲ್ಲಿ ಯಾರೋ ಮನೆ ಕಟ್ಟಲು ಸುರು ಮಾಡಿದ್ದಾರೆ. ಪಾಯದ ಹೊಂಡ ತೋಡಿ ಆಗಿತ್ತು. ಹಿಂದಿನ ದಿನ ಲಾರಿಯಲ್ಲಿ ಬಂದ ಕೆಂಪುಕಲ್ಲಿನ ರಾಶಿಗೆ ಒಬ್ಬ ಪೈಪು ಹಿಡಿದು ನೀರು ಬಿಡುತ್ತಿದ್ದ. ಒಣಗಿದ ಮುರಕಲ್ಲಿನ ಮೇಲೆ ನೀರು ಬಿದ್ದಾಗ ಒಂದು ವಾಸನೆ ಏಳುತ್ತದಲ್ಲ... ಎಲ್ಲರೂ ಅದನ್ನು ಮೊದಲ ಮಳೆಯ ವಾಸನೆ ಅಂತ ಮೂಗು ಅರಳಿಸಿ ಎಳೆದುಕೊಳ್ಳುತ್ತಾರೆ. ನನಗೆ ಆಗುವುದಿಲ್ಲ. ಸೆರಗನ್ನು ಮೂಗಿಗೆ ಒತ್ತಿ ಹಿಡಿದು ನಿಲ್ಲುತ್ತೇನೆ.

ಹಾಗೆ ನಿಂತಿದ್ದಾಗಲೇ ಅಲ್ಲಿ ಕೆಲಸಕ್ಕೆ ಬಂದ ಹೆಂಗಸೊಬ್ಬಳು ರಸ್ತೆ ದಾಟಿ ಬಂದಳು. ತಲೆಗೆ ಬೈರಾಸು ಕಟ್ಟಿಕೊಂಡಿದ್ದಳು, ಕೈಯಲ್ಲಿ ಜವಳಿ ಅಂಗಡಿಯ ಹಳದಿ ಚೀಲ.

"ಅಕ್ಕಾ, ಈ ಚೀಲ ಇಲ್ಲ್ ಇರ್ಲಿಯಾ? ಬುತ್ತಿ ಇತ್ತ್. ಅಲ್ಲ್ ನಾಯಿ ಕಾಟ."

ನಾನು ಹೂಂ ಅನ್ನುವ ಮೊದಲೇ ಅವಳು ಅದನ್ನು ನನ್ನ ಅಂಗಡಿಯ ಗ್ರಿಲ್ಲಿಗೆ ನೇತುಹಾಕಿ ಹೊಂಡದ ಕಡೆಗೆ ನಡೆದೇ ಬಿಟ್ಟಿದ್ದಳು. ಹೊಂಡಕ್ಕೆ ಇಳಿದ ಮೇಲೆ ತಲೆಯ ಬೈರಾಸೂ ಕಾಣಲಿಲ್ಲ. ನನ್ನ ಕಣ್ಣಿಗೆ ಉಳಿದದ್ದು ಚೀಲ ಮಾತ್ರ. ನಾನು ಒಳಗೆ ಹೋಗಿ ಮಿಷನ್ನಿನ ಮುಂದೆ ಕೂತೆ. ಆವತ್ತು ಹೊಲಿದ ರವಿಕೆಯ ತೋಳು ತಿರುಗುಮುರುಗಾಯಿತು.

ನಾನು ಹುಟ್ಟಾ ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ನನಗಿಂತ ದೊಡ್ಡ ಪುಕ್ಕಲಿಯೊಬ್ಬಳನ್ನು ನಾನು ಕಂಡಿದ್ದೇನೆ. ಅವಳು ನಮ್ಮ ಆಚೆಮನೆಯ ಅಕ್ಕ. ರಕ್ತ ಸಂಬಂಧವೇನೂ ಇಲ್ಲ, ಎರಡು ಮನೆಗಳ ನಡುವೆ ಒಂದು ದಾಸವಾಳದ ಬೇಲಿ, ಅಷ್ಟೇ. ಅವಳ ಹೆಸರು ಹಿಡಿದು ನಾನು ಯಾವತ್ತೂ ಕರೆದವಳಲ್ಲ, ಈಗಲೂ ಬರೆಯಲು ಮನಸ್ಸಿಲ್ಲ.

ನಮ್ಮೂರು ಸಿದ್ದಾಪುರದಿಂದಲೂ ಒಳಗೆ. ಅಕ್ಕನ ಗಂಡ ಬೊಂಬಾಯಿಯ ಹೋಟೆಲೊಂದರಲ್ಲಿ ಅಡುಗೆ ಕೆಲಸಕ್ಕಿದ್ದರು. ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಮಗಳು ಇನ್ನೂ ಶಾಲೆಗೆ ಹೋಗುತ್ತಿದ್ದಳು. ಊರಿನ ಹಾಡಿಯ, ಅಂದರೆ ಕಾಡುಗುಡ್ಡದ, ನೆತ್ತಿಯಲ್ಲಿ ಮುರಕಲ್ಲಿನ ಕೋರೆ ಸುರುವಾದಾಗ ಅಕ್ಕ ಅಲ್ಲಿಗೆ ಕಲ್ಲು ಹೊರಲು ಸೇರಿದಳು. ಕೆಲವು ವರ್ಷ ಕಳೆದು ನಾನು ಪಿಯುಸಿ ಫೇಲಾಗಿ ಮನೆಯಲ್ಲಿ ಮೋರೆ ದಪ್ಪ ಮಾಡಿಕೊಂಡು ಕೂತಿದ್ದಾಗ ನನ್ನನ್ನೂ ಎಬ್ಬಿಸಿಕೊಂಡು ಹೋದಳು. "ಕೂಕಂಡ್ ಮರ್ಕುಕಿಂತ ಕಲ್ಲ್ ಹೊರೂದ್ ಒಳ್ಳೇದ್, ಬಾ ಹೆಣೇ" ಅಂದಿದ್ದಳು. ಹೆಣ್ಣೇ ಅನ್ನುವುದು ನಮ್ಮ ಕಡೆಯ ಬಾಯಲ್ಲಿ ಹೆಣೇ.

ಅವಳಿಗೆ ಯಾವುದಕ್ಕೆ ಹೆದರಿಕೆ ಇರಲಿಲ್ಲ ಅಂತ ಕೇಳಬೇಕು. ಗುಡುಗಿಗೆ ಹೆದರಿಕೆ, ಇಂಜೆಕ್ಷನ್ನಿಗೆ ಹೆದರಿಕೆ, ಕೊಟ್ಟಿಗೆಯ ಕಪ್ಪೆಗೆ ಹೆದರಿಕೆ. ಕುಂದಾಪುರಕ್ಕೆ ಬಸ್ಸಿನಲ್ಲಿ ಹೊರಟರೆ ಮುಂದಿನ ಸೀಟಿನ ಸರಳನ್ನು ಎರಡೂ ಕೈಯಲ್ಲಿ ಹಿಡಿದು, ನಮ್ಮ ಬಸ್ಸು ಇನ್ನೊಂದು ಬಸ್ಸನ್ನು ಹಿಂದೆ ಹಾಕಿದ ಪ್ರತಿ ಸಲವೂ "ಅಯ್ಯೋ ದೇವರೇ" ಅನ್ನುತ್ತಿದ್ದಳು. ಕಂಡಕ್ಟರ್ ಅವಳನ್ನು ನೋಡಿದ ಕೂಡಲೇ ನಗಲು ಸುರು ಮಾಡುತ್ತಿದ್ದ. ಇಂಥವಳು ದಿನಾ ಬೆಳಿಗ್ಗೆ ಎರಡು ಮಾಳಿಗೆ ಮನೆಯಷ್ಟು ಆಳದ ಗುಂಡಿಗೆ ಇಳಿಯುತ್ತಿದ್ದಳು ಅಂದರೆ ಯಾರು ನಂಬುತ್ತಾರೆ?

ಕೋರೆ ಕಾಣದವರಿಗೆ ಸ್ವಲ್ಪ ಹೇಳಬೇಕು. ಮೇಲಿನ ಮಣ್ಣು ಕೆರೆದು ತೆಗೆದರೆ ಅಡಿಯಲ್ಲಿ ಮುರಕಲ್ಲು ಸಿಗುತ್ತದೆ. ಮಿಷನ್ನಿನ ಚಕ್ರದಲ್ಲಿ ಅದನ್ನು ಗೆರೆ ಗೆರೆಯಾಗಿ ಕೊಯ್ದು ಇಟ್ಟಿಗೆಯ ಹಾಗೆ ಎಬ್ಬಿಸುತ್ತಾರೆ. ಕೊಯ್ಯುವುದು ಗಂಡಸರು. ಕಲ್ಲಿನ ಹುಡಿ ಗುಡಿಸುವುದು, ತಲೆಯ ಮೇಲೆ ಬಟ್ಟೆಯ ಸಿಂಬಿ ಇಟ್ಟು ಕಲ್ಲನ್ನು ಇಳಿಜಾರಿನ ದಾರಿಯಲ್ಲಿ ಮೇಲಿನ ಲಾರಿಗೆ ಹೊರುವುದು ನಾವು ಹೆಂಗಸರು. ಕೊಯ್ದಷ್ಟೂ ಗುಂಡಿ ಇಳಿಯುತ್ತದೆ, ಸುತ್ತಲೂ ಕೆಂಪು ಬರೆ ಗೋಡೆಯ ಹಾಗೆ ನೆಟ್ಟಗೆ ಏಳುತ್ತದೆ. ಗಾಳಿ ಇಲ್ಲ, ನೆರಳಿಲ್ಲ. ಮಧ್ಯಾಹ್ನ ಕೆಮ್ಮಿ ಉಗಿದರೆ ಉಗುಳೂ ಕೆಂಪು. ತಲೆಯೆತ್ತಿದರೆ ಬರೆಯ ತುದಿಯಲ್ಲಿ ಮಣ್ಣು, ಮಣ್ಣಿನಿಂದ ನೇತಾಡುವ ಬೇರುಗಳು. ಆಗಾಗ ಸುಮ್ಮನೆ ಒಂದು ಹಿಡಿ ಜಲ್ಲಿ ಸರ್ರನೆ ಜಾರುತ್ತಿತ್ತು. ಯಾರೂ ನೂಕಿದ್ದಲ್ಲ, ತಾನಾಗಿಯೇ ಬಿದ್ದದ್ದು. ಆ ಸದ್ದಿಗೆ ನನಗೆ ಜೀವ ಬಾಯಿಗೆ ಬರುತ್ತಿತ್ತು. ತಿರುಗಿ ನೋಡಿದರೆ ಅಕ್ಕನೂ ತಲೆಯ ಮೇಲೆ ಕಲ್ಲಿಟ್ಟುಕೊಂಡು ಕಂಬದಂತೆ ನಿಂತಿರುತ್ತಿದ್ದಳು. ಒಬ್ಬರ ಮುಖ ಒಬ್ಬರು ನೋಡಿಕೊಂಡು ಮತ್ತೆ ಕಾಲು ಎತ್ತಿಡುತ್ತಿದ್ದೆವು.

ಚೀಲದ ಕಟ್ಟಳೆಯನ್ನು ಸುರು ಮಾಡಿದ್ದು ಅವಳೇ. ನಾನು ಸೇರುವುದಕ್ಕೂ ಮೊದಲು, ಬೈಂದೂರಿನ ಆಚೆ ಎಲ್ಲಿಯೋ ಬರೆ ಜರಿದು, ಅಡಿಯಲ್ಲಿ ಯಾರಿದ್ದರು ಯಾರಿಲ್ಲ ಅನ್ನುವುದೇ ಹೊತ್ತು ಇಳಿಯುವ ತನಕ ಗೊತ್ತಾಗಲಿಲ್ಲ ಅಂತ ಒಂದು ಸುದ್ದಿ ಬಂದಿತ್ತಂತೆ. ನಿಜವೋ ಸುಳ್ಳೋ, ಅಕ್ಕನ ನಿದ್ದೆ ಹೋಯಿತು. ನಮ್ಮ ಕೋರೆಯಲ್ಲಿಯೂ ಹಾಗೇ ಇತ್ತಲ್ಲ! ಮೇಲ್ವಿಚಾರಣೆಗೆ ಇದ್ದವರನ್ನು ಎಲ್ಲರೂ ರೈಟ್ರು ಅನ್ನುತ್ತಿದ್ದೆವು. ಅವರು ಬೆಳಿಗ್ಗೆ ಗಂಡಸರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆಯುತ್ತಿದ್ದರು. ಕೊನೆಗೆ ನಮ್ಮ ಕಡೆ ಕೈ ಬೀಸಿ, "ಹೆಂಗ್ಸ್ರೆಲ್ಲ ಇಳೀನಿ" ಅನ್ನುತ್ತಿದ್ದರು. ಹೆಂಗಸರು ಅಂದರೆ ಒಂದು ಮಂದೆ, ಅಷ್ಟೇ. ಮಂದೆಯಲ್ಲಿ ಒಂದು ತಪ್ಪಿದರೆ ಯಾರಿಗೆ ಗೊತ್ತಾಗಬೇಕು?

ಕೋರೆಯ ಬಾಯಿಯಲ್ಲಿ ಒಂದು ಹಳೆಯ ಗೇರು ಮರ ಇತ್ತು. ಅಕ್ಕ ತನ್ನ ಬುತ್ತಿಯ ಚೀಲವನ್ನು ಅದರ ಕೊಂಬೆಗೆ ನೇತುಹಾಕಿದಳು. ಉಳಿದವರಿಗೂ ಹಾಕಲು ಹೇಳಿದಳು. ಇಳಿಯುವಾಗ ಹಾಕಬೇಕು, ಮೇಲೆ ಬಂದು ಮನೆಗೆ ಹೊರಟಾಗ ತೆಗೆಯಬೇಕು. ಚೀಲ ಮರದಲ್ಲಿದೆ ಅಂದರೆ ಆ ಹೆಂಗಸು ಗುಂಡಿಯಲ್ಲಿದ್ದಾಳೆ. ಊಟದ ಹೊತ್ತಿಗೆ ಬುತ್ತಿ ಮಾತ್ರ ತೆಗೆದು ಚೀಲ ಅಲ್ಲಿಯೇ ಬಿಡಬೇಕು. ಮೊದಮೊದಲು ಗಂಡಸರು ನಕ್ಕರು, "ಗೇರ್ ಮರಕ್ಕೆ ಹೊಸ ಕಾಯಿ ಬಿಟ್ಟಿತ್" ಅಂತ ಕಿಚಾಯಿಸಿದರು. ಆಮೇಲೆ ಸಂಜೆ ಮಣ್ಣು ನೂಕುವ ದೊಡ್ಡ ಮಿಷನ್ನಿನ ಡ್ರೈವರ್ ಕೂಡ ಒಮ್ಮೆ ಮರದ ಕಡೆ ಕಣ್ಣು ಹಾಯಿಸಿಯೇ ಕೀಲಿ ತಿರುಗಿಸತೊಡಗಿದ. ಅವನು ಘಟ್ಟದ ಮೇಲಿನವನು, ಒಳ್ಳೆಯ ಹುಡುಗ.

ಸಂಜೆ ಕೊನೆಗೆ ಹೊರಡುವವಳು ಅಕ್ಕನೇ. ಕೊಂಬೆಯಲ್ಲಿ ಒಂದು ಚೀಲ ಉಳಿದಿದ್ದರೂ ಅವಳ ಕಾಲು ಏಳುತ್ತಿರಲಿಲ್ಲ. ಎಲ್ಲ ಖಾಲಿಯಾದ ಮೇಲೆ ಊರ ದೈವ ಹಾಯ್ಗುಳಿಗೆ ಇದ್ದಲ್ಲಿಂದಲೇ ಕೈ ಮುಗಿದು, ಮೂಲೆ ಮುಕ್ಕಾಗಿ ಲಾರಿಗೆ ಬೇಡವಾದ ಒಂದು ಕಲ್ಲನ್ನು ತಲೆಯ ಮೇಲೆ ಇಟ್ಟುಕೊಂಡು ಹೊರಡುತ್ತಿದ್ದಳು. ಮುಕ್ಕು ಕಲ್ಲನ್ನು ಒಯ್ಯಲು ರೈಟ್ರು ಬಿಡುತ್ತಿದ್ದರು. ಅವಳ ಅಡುಗೆಮನೆಗೆ ತಟ್ಟಿಯ ಗೋಡೆ ಇತ್ತು. ಅದನ್ನು ಕಲ್ಲಿನದ್ದು ಮಾಡಬೇಕು ಅನ್ನುವುದು ಅವಳ ಆಸೆ. ದಿನವೆಲ್ಲ ಹೊತ್ತು ಸಾಲದೆ ಮನೆಗೂ ಹೊರುತ್ತೀಯಲ್ಲ ಅಂತ ನಾನು ಬೈದರೆ, "ಹೊತ್ತದ್ರಂಗೆ ನಂದ್ ಅಂದ್ ಒಂದಾರೂ ಬ್ಯಾಡ್ದಾ?" ಅನ್ನುತ್ತಿದ್ದಳು.

ಇನ್ನೊಂದು ವಿಷಯ. ಹೇಳಲು ನಾಚಿಕೆಯಾದರೂ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕೋರೆಯಲ್ಲಿ ಹೆಂಗಸರಿಗೆ ಮರೆ ಅನ್ನುವುದು ಇರಲಿಲ್ಲ. ಗಂಡಸರು ಹಾಡಿಯ ಯಾವ ಪೊದೆಯ ಹಿಂದೆ ನಿಂತರೂ ಆಯಿತು. ನಾವು ಏನು ಮಾಡುವುದು? ಗುಂಡಿಯ ಹಿಂಬದಿಯಲ್ಲಿ ಕಲ್ಲು ಮುಗಿದುಹೋದ ಒಂದು ಹಳೆಯ ಮೂಲೆ ಇತ್ತು. ಅಲ್ಲಿ ಒಡಕು ಕಲ್ಲುಗಳನ್ನು ಎದೆಯೆತ್ತರಕ್ಕೆ ಪೇರಿಸಿಟ್ಟಿದ್ದರು. ಅದರ ಹಿಂದೆ ಬರೆಯ ಬುಡದಲ್ಲಿ ಕಲ್ಲು ಒಳಕ್ಕೆ ಕೊಯ್ದು ಒಬ್ಬರು ಕೂರುವಷ್ಟು ಗೂಡಾಗಿತ್ತು. ಅದೇ ನಮ್ಮ ಮರೆ. ಯಾರೂ ಬಾಯಿಬಿಟ್ಟು ಹೇಳಿದ್ದಲ್ಲ, ಆದರೆ ಗಂಡಸರು ಮರ್ಯಾದೆಯಿಂದ ಆ ಕಡೆ ಮುಖ ಹಾಕುತ್ತಿರಲಿಲ್ಲ. ಕಣ್ಣು ಹಾಕದಿರುವ ಆ ಮರ್ಯಾದೆಯೇ ನನಗೆ ಮುಳುವಾಗುವುದಿತ್ತು.

ಮೇ ತಿಂಗಳು ಮುಗಿಯುತ್ತಾ ಬಂದಿತ್ತು. ಆವತ್ತು ಮಧ್ಯಾಹ್ನ ಕಳೆಯುವಷ್ಟರಲ್ಲಿ ಮೂಡುದಿಕ್ಕಿನಲ್ಲಿ ಮೋಡ ಕಟ್ಟಿತು. ನನಗೆ ಬೆಳಿಗ್ಗೆಯಿಂದಲೇ ತಿಂಗಳ ಹೊಟ್ಟೆನೋವು. ಎಲ್ಲಿಗೆ ಅಂತ ಯಾರಿಗೂ ಹೇಳದೆ ಹಳೆಯ ಮೂಲೆಗೆ ಹೋಗಿ ಗೂಡಿನ ಒಳಗೆ ಹೊಟ್ಟೆ ಅಮುಕಿ ಹಿಡಿದು ಕೂತೆ. ಕಲ್ಲು ತಣ್ಣಗಿತ್ತು. ಹಾಗೇ ಕಣ್ಣಿಗೆ ಮಂಪರು ಹತ್ತಿರಬೇಕು.

ಅತ್ತ ಮಳೆ ಬರುವ ಮೊದಲು ಮೇಲೆ ರಾಶಿ ಹಾಕಿದ್ದ ಮಣ್ಣನ್ನು ಹಳೆಯ ಮೂಲೆಗೆ ನೂಕಿಬಿಡಬೇಕು, ಇಲ್ಲದಿದ್ದರೆ ನೀರಿನ ಜೊತೆ ಹರಿದು ಹೊಸ ಕಲ್ಲಿನ ಮೇಲೆ ಕೂರುತ್ತದೆ ಅಂತ ರೈಟ್ರು ಎಲ್ಲರನ್ನೂ ಬೇಗ ಮೇಲೆ ಹತ್ತಿಸಿದರು. ನನ್ನ ಜೊತೆ ಕಲ್ಲು ಹೊರುತ್ತಿದ್ದ ಒಬ್ಬಳು ಇದ್ದಳು, ನನ್ನದೇ ಪ್ರಾಯದವಳು. ಅವಳು ಸುತ್ತ ನೋಡಿದಳು, ನಾನಿಲ್ಲ. ಹೊಟ್ಟೆನೋವು ಅಂದಿದ್ದಳು, ಮುಂದೆ ಮನೆಗೆ ಓಡಿರಬೇಕು, ಚೀಲ ಮರೆತು ಹೋಗಿದ್ದಾಳೆ ಪಾಪ ಅಂದುಕೊಂಡಳು. ಕೊಂಬೆಯಿಂದ ತನ್ನ ಚೀಲವನ್ನೂ ನನ್ನ ಚೀಲವನ್ನೂ ತೆಗೆದು ಒಂದೇ ಹೆಗಲಿಗೆ ಹಾಕಿಕೊಂಡಳು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಪಾತ್ರೆ ತೊಳೆದು ನಾಳೆ ಕೊಡುವ ಅಂತ ಯೋಚಿಸಿದ್ದಳಂತೆ.

ಡ್ರೈವರ್ ಮರದ ಕಡೆ ನೋಡಿದ. ಅಕ್ಕ ತನ್ನ ಚೀಲ ತೆಗೆಯುತ್ತಿದ್ದಳು, ಮತ್ತೆ ಒಂದೂ ಇರಲಿಲ್ಲ. ಅವನು ಕೀಲಿ ತಿರುಗಿಸಿದ.

ನನಗೆ ಎಚ್ಚರವಾದದ್ದು ನೆಲ ನಡುಗಿದ್ದಕ್ಕೆ. ಮೊದಲು ಗುಡುಗು ಅಂದುಕೊಂಡೆ. ಆಮೇಲೆ ತಲೆಯ ಮೇಲಿಂದ ಸರ್ರನೆ ಜಲ್ಲಿ ಬಿತ್ತು. ಅದರ ಹಿಂದೆ ಮಣ್ಣು... ಒಂದು ಬುಟ್ಟಿ ಎರಡು ಬುಟ್ಟಿಯಲ್ಲ, ಇಡೀ ಒಂದು ದಿಬ್ಬ, ಬೇರು ಸಮೇತ, ದಡಾರನೆ. ಎದುರಿಗೆ ಪೇರಿಸಿದ್ದ ಕಲ್ಲಿನ ಸಾಲು ಅರ್ಧ ಮುಚ್ಚಿಹೋಯಿತು. ನಾನು ಕಿರುಚಿದೆ. ನನ್ನ ಕಿವಿಗೇ ನನ್ನ ದನಿ ಕೇಳಲಿಲ್ಲ. ಹೊರಗೆ ಓಡಲು ಎದ್ದರೆ ಎರಡನೆಯ ಸಲ ಬಿತ್ತು. ಗೂಡಿನ ಬಾಯಿ ಸೊಂಟದವರೆಗೆ ಮುಚ್ಚಿತು. ಬಾಯಿ ಕಣ್ಣು ಮೂಗು ಎಲ್ಲ ಮಣ್ಣು. ಹಿಂದಕ್ಕೆ ಒರಗಿ ಕಲ್ಲಿಗೆ ಅಂಟಿಕೊಂಡೆ. ಕೈಕಾಲು ನನ್ನದು ಅನ್ನಿಸಲೇ ಇಲ್ಲ.

ಆಗ ನನಗೆ ಒಂದೇ ಒಂದು ಧೈರ್ಯ ಇದ್ದದ್ದು. ಮೇಲೆ ನನ್ನ ಚೀಲ ಇದೆ. ಗೇರು ಮರದಲ್ಲಿ ನನ್ನ ಚೀಲ ನೇತಾಡುತ್ತಿದೆ. ಅಕ್ಕ ನೋಡಿಯೇ ನೋಡುತ್ತಾಳೆ, ಈಗ ನೋಡುತ್ತಾಳೆ, ಈಗ ನಿಲ್ಲಿಸುತ್ತಾಳೆ... ಹಾಗಂತ ಬಾಯಲ್ಲಿ ಹೇಳಿಕೊಳ್ಳುತ್ತಲೇ ಇದ್ದೆ. ಚೀಲ ಅಷ್ಟು ಹೊತ್ತಿಗೆ ಹಾಡಿಯ ದಾರಿಯಲ್ಲಿ ಇನ್ನೊಬ್ಬಳ ಹೆಗಲ ಮೇಲೆ ಮನೆಯ ಕಡೆ ಹೊರಟಿತ್ತು. ಅದು ಆಗಲೇ ನನಗೆ ಗೊತ್ತಾಗಿದ್ದರೆ ಮುಂದಿನ ಮಣ್ಣು ಬೀಳುವ ಮೊದಲೇ ಎದೆಯೊಡೆದು ಹೋಗುತ್ತಿದ್ದೆ.

ಮೂರನೆಯ ಸಲ ಬಿದ್ದಾಗ ಬೆಳಕು ಹೋಯಿತು. ಮೇಲೆ ಅಂಗೈಯಷ್ಟು ಸಂದು ಉಳಿಯಿತು. ಮಿಷನ್ ಹಿಂದೆ ಸರಿದು ಮತ್ತೆ ಮುಂದೆ ಬರುವ ಸದ್ದು ಕೇಳಿತು. ಇನ್ನೊಂದು ಸಲ ಬಿದ್ದರೆ ಮುಗಿಯಿತು ಅಂತ ಗೊತ್ತಾಯಿತು. ಆ ಹೊತ್ತಿನಲ್ಲಿ ದೇವರ ಹೆಸರು ಬರುತ್ತದೆ ಅನ್ನುತ್ತಾರೆ. ನನಗೆ ಬರಲಿಲ್ಲ. ಅಮ್ಮಾ ಅಂತಲೂ ಬರಲಿಲ್ಲ. ಸುಮ್ಮನೆ ಬಾಯಿ ತೆರೆದುಕೊಂಡು ಕಾದೆ.

ಸದ್ದು ನಿಂತಿತು.

ಮೇಲೆ ನಡೆದದ್ದನ್ನು ನನಗೆ ಆಮೇಲೆ ಹೇಳಿದ್ದು ಚೀಲ ಒಯ್ದ ಆ ಜೊತೆಗಾತಿಯೇ. ಹೆಂಗಸರೆಲ್ಲ ದಾರಿಯ ತೋಡಿನಲ್ಲಿ ಕೈಕಾಲು ತೊಳೆಯಲು ನಿಂತಿದ್ದರಂತೆ. ಹಿಂದಿನಿಂದ ಅಕ್ಕ ಬಂದಳು, ತಲೆಯ ಮೇಲೆ ಮುಕ್ಕು ಕಲ್ಲು. ಎಲ್ಲರ ಮುಖ ನೋಡಿದಳು. ಜೊತೆಗಾತಿಯ ಹೆಗಲು ನೋಡಿದಳು.

"ಅದ್ ಅವಳ್ ಚೀಲ ಅಲ್ದಾ? ಅವ್ಳೆಲ್ಲಿ?"

"ಮುಂದ್ ಹೋಯ್ಲ್ಯಾ ಅಕ್ಕ?"

ಅಕ್ಕ ಕಲ್ಲನ್ನು ಇಳಿಸಲಿಲ್ಲ, ಎಸೆದಳು. ಅದು ತೋಡಿನ ಬಂಡೆಗೆ ಬಡಿದು ಎರಡು ಹೋಳಾಯಿತಂತೆ. ಸೀರೆ ಎತ್ತಿ ಕಟ್ಟಿ ಓಡಿದಳು. ಹಾಡಿಯ ಏರು ಏರಿ, ಕೂಗುತ್ತಾ, ಕೂಗಲು ಉಸಿರಿಲ್ಲದೆ, ಬರೆಯ ತುದಿಗೆ ಬಂದಳು. ಬರೆಯ ತುದಿ ಅಂದರೆ ಮೈಲಿ ದೂರ ನಿಲ್ಲುತ್ತಿದ್ದವಳು ಮಿಷನ್ನಿಗೂ ಗುಂಡಿಗೂ ನಡುವೆ ಹೋಗಿ ಕೈ ಅಗಲಿಸಿ ನಿಂತಳು. ಹಿಂದೆ ಒಂದು ಹೆಜ್ಜೆ ಇಟ್ಟರೆ ಪಾತಾಳ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದಳಂತೆ. ಡ್ರೈವರ್ ಮಿಷನ್ ನಿಲ್ಲಿಸಿ ಕೆಳಗೆ ಹಾರಿದ ಮೇಲೂ ಅವಳು ಕಣ್ಣು ತೆರೆಯಲಿಲ್ಲ.

ನನಗೆ ಕೇಳಿದ್ದು ಒಂದು ಕೂಗು.

"ಹ್ವಾಯ್! ಹೆಣೇ! ಇದ್ಯಾ?"

"ಇದ್ದೆ!" ಅಂದೆ. ಬಾಯಲ್ಲಿ ಮಣ್ಣು. "ಇದ್ದೆ ಅಕ್ಕ, ಇದ್ದೆ!"

ಅವಳು ಇಳಿಜಾರಿನಲ್ಲಿ ಜಾರುತ್ತಾ ಬಿದ್ದು ಎದ್ದು ಬಂದು ಉಗುರಿನಲ್ಲಿ ಮಣ್ಣು ಕೆದರತೊಡಗಿದಳು. ಗಂಡಸರು ಹಾರೆ ಪಿಕಾಸಿ ಹಿಡಿದು ಬಂದರು. ಮೊದಲು ಒಳಗೆ ಬಂದದ್ದು ಅವಳ ಕೈ. ನನ್ನ ಜುಟ್ಟಿಗೇ ಸಿಕ್ಕಿತು, ಬಿಡಲಿಲ್ಲ. ಎಳೆದು ಹೊರಗೆ ಹಾಕಿದ ಮೇಲೆ ಮುಖದ ಮಣ್ಣು ಒರೆಸಿದಳು, ಒರೆಸಿ ಕೆನ್ನೆಗೆ ಫಟಾರನೆ ಒಂದು ಕೊಟ್ಟಳು.

"ಸಾಯುಕೆ ಹೋಪವಳ್ ಒಂದ್ ಮಾತ್ ಹೇಳಿ ಹೋಪುಕಾಗ್ದಾ ಹೆಣೇ!"

ಯಾರೋ ನಕ್ಕರು. ನಾನೂ ನಕ್ಕೆ, ಆಮೇಲೆ ಅತ್ತೆ. ಅಕ್ಕ ಮಾತ್ರ ನಗಲೂ ಇಲ್ಲ ಅಳಲೂ ಇಲ್ಲ. ಅವಳ ಹಲ್ಲು ಕಟಕಟ ಅನ್ನುತ್ತಿತ್ತು. ಮಳೆ ಆಗ ಬಂತು. ಬಿಸಿ ಮುರಕಲ್ಲಿನ ಮೇಲೆ ಮೊದಲ ಹನಿ ಬಿದ್ದು ಆ ವಾಸನೆ ಎದ್ದಿತು.

ಮರುದಿನ ನಾನು ಜ್ವರ ಹಿಡಿದು ಜಗಲಿಯಲ್ಲಿ ಮಲಗಿದ್ದೆ. ಬೆಳಿಗ್ಗೆಯೇ ಅಕ್ಕ ಕೋರೆಯಿಂದ ವಾಪಸು ಬರುವುದು ಕಂಡಿತು. ಬರಿಗೈ. ರೈಟ್ರು ಗೇರು ಮರದ ಅಡಿಯಲ್ಲಿಯೇ ನಿಂತು, ಇನ್ನು ಕೋರೆಗೆ ಹೆಂಗಸರು ಬೇಡ, ಹೆಂಗಸರಿದ್ದರೆ ಇಂಥದ್ದೇ ರಗಳೆ, ಧಣಿಗಳ ಅಪ್ಪಣೆಯಾಗಿದೆ ಅಂದರಂತೆ. ಮಣ್ಣು ನೂಕಿದ್ದು ಮಿಷನ್. ಮರೆ ಇಲ್ಲದೆ ಇಟ್ಟದ್ದು ಅವರು. ಮಣ್ಣಿನ ಅಡಿಗೆ ಹೋದದ್ದು ನಾನು. ತಪ್ಪು ಹೆಂಗಸರದ್ದು! ಉಳಿದವರು ಚೀಲ ತೆಗೆದುಕೊಂಡು ಬಾಯಿ ಮುಚ್ಚಿ ಹೊರಟರು. ಬೀಡಿ ಕಟ್ಟುವುದೋ ಗೇರುಬೀಜದ ಫ್ಯಾಕ್ಟರಿಗೆ ಹೋಗುವುದೋ ಅಂತ ದಾರಿಯುದ್ದಕ್ಕೂ ಮಾತಾಡಿಕೊಂಡರಂತೆ.

"ಅಕ್ಕ, ನಿನ್ ಚೀಲ ಎಲ್ಲಿ?" ಅಂತ ಬೇಲಿಯ ಈಚೆಯಿಂದ ಕೇಳಿದೆ.

"ಮರದಂಗ್ ಇತ್ತ್."

"ಮರ್ತ್ ಬಂದ್ಯಾ?"

"ಮರ್ತದ್ದಲ್ಲ ಮರಾಯ್ತಿ. ನಾನ್ ಇನ್ನೂ ಒಳಗ್ ಇದ್ದೆ ಅಂದ್ ಲೆಕ್ಕ."

ಹೇಳಿದವಳೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳಿಗೆ ತಲೆ ಕೆಟ್ಟಿದೆ ಅಂತಲೇ ನಾನು ಎಣಿಸಿದ್ದು. ಜ್ವರದ ಮೈಯಲ್ಲಿಯೇ ಕಂಬಳಿ ಹೊದ್ದು ಹಿತ್ತಿಲ ಬಾಗಿಲಿನಿಂದ ಅವಳ ಅಡುಗೆಮನೆಗೆ ಹೋಗಿ ಒಲೆಯ ಬುಡದಲ್ಲಿ ಕೂತೆ. ಕಲ್ಲಿನ ಗೋಡೆ ಆಗ ಸೊಂಟದವರೆಗೆ ಎದ್ದಿತ್ತು, ಮೇಲೆ ತಟ್ಟಿ. ಹೊರಗೆ ಎಲೆ ಅಲ್ಲಾಡಿದರೂ ಅವಳು ಬೆಚ್ಚುತ್ತಿದ್ದಳು. "ಪೊಲೀಸ್ರ್ ಬತ್ರಾ ಹೆಣೆ?" ಅಂತ ಒಮ್ಮೆ ಕೇಳಿದಳು. ಚೀಲ ಬಿಟ್ಟು ಬಂದದ್ದಕ್ಕೆ ಯಾವ ಪೊಲೀಸ್ ಬರುತ್ತಾನೆ ಅಂತ ನಾನೇ ಅವಳಿಗೆ ಧೈರ್ಯ ಹೇಳಬೇಕಾಯಿತು. ನಾನೂ ತಟ್ಟಿಯ ಸಂದಿನಿಂದ ಅಂಗಳವನ್ನೇ ನೋಡುತ್ತಿದ್ದೆ, ಅದು ಬೇರೆ ಮಾತು.

ಬಂದದ್ದು ರೈಟ್ರು. ಊಟದ ಹೊತ್ತು ಕಳೆದಿತ್ತು. ಅಂಗಳದಲ್ಲಿ ನಿಂತು ಕರೆದರು.

"ಅಕ್ಕ, ಆ ಚೀಲ ಒಂದ್ ತಕಂಡ್ ಹೋಯ್ನಿ. ಬೆಳಿಗ್ಗಿಂದ ಡ್ರೈವರ್ ಮಿಷನ್ ಸ್ಟಾರ್ಟ್ ಮಾಡ್ಲಿಲ್ಲ. ಮರದಂಗ್ ಚೀಲ ಇತ್ತ್, ನಾನ್ ಕೀಲಿ ಮುಟ್ಟುದಿಲ್ಲ ಅಂತ್ನೆ."

ಬಾಗಿಲಿನ ಹಿಂದೆ ನಿಂತ ಅಕ್ಕನ ಕೈ ಸೆರಗಿನ ತುದಿಯನ್ನು ಹಿಂಡುತ್ತಿತ್ತು. ದನಿ ಮಾತ್ರ ಹೊರಗೆ ಹೋಯಿತು. "ನೀವೇ ತೆಗೀಲಕ್ಕಲೆ."

"ನಾನ್ ಮುಟ್ಟುದಿಲ್ಲ ಮರಾಯ್ರೆ! ನಿನ್ನೆ ಬೇರಿಯವರ್ ಚೀಲ ಮುಟ್ಟಿ ಎಂತ ಆಯ್ತ್ ಅಂದ್ ಕಂಡಿದ್ದೆ."

ಗಂಡಸರೂ ಯಾರೂ ಮುಟ್ಟಿರಲಿಲ್ಲ. ಹೊಸ ಕಾಯಿ ಬಿಟ್ಟಿತು ಅಂತ ನಕ್ಕವರೇ ಆವತ್ತು ಆ ಮರದ ಅಡಿಗೆ ಸುಳಿದಿರಲಿಲ್ಲವಂತೆ. ಹೆದರಿಕೆ ಅನ್ನುವುದು ಅಕ್ಕನ ಮನೆಯದ್ದು ಮಾತ್ರ ಅಂತ ನಾವು ತಿಳಿದಿದ್ದೆವು. ಅದು ಎಲ್ಲರ ಮನೆಯಲ್ಲಿಯೂ ಇತ್ತು, ಹೊರಗೆ ಬಂದಿರಲಿಲ್ಲ ಅಷ್ಟೇ.

ಅಕ್ಕ ನನ್ನ ಕಡೆ ನೋಡಿದಳು. ಆಮೇಲೆ ಬಾಗಿಲು ದಾಟಿ ಹೊರಗೆ ಹೋದಳು.

"ಹೆಂಗ್ಸ್ರೆಲ್ಲ ನಾಳೆ ಬತ್ರ್. ಅವರವರ್ ಚೀಲ ಅವರವರೇ ಹಾಕ್ತ್ರ್, ಅವರವರೇ ತೆಗಿತ್ರ್. ಇನ್ನೊಬ್ರ್ ಮುಟ್ಟುಕಾಗ. ಮೇಲ್ ಮಡ್ಲ್ ಕಟ್ಟಿ ನಮ್ಗೊಂದ್ ಮರೆ ಮಾಡಿ ಕೊಡಿ. ಹಂಗಾರೆ ನನ್ ಚೀಲ ಸಂಜಿಗೆ ಮನಿಗ್ ಬತ್ತ್. ಇಲ್ದಿದ್ರೆ ಅಲ್ಲೇ ಇರ್ಲಿ."

ರೈಟ್ರು ಧಣಿಗಳ ಹತ್ತಿರ ಕೇಳುತ್ತೇನೆ ಅಂತ ಹೋದರು. ಅವರು ಬೇಲಿ ದಾಟಿದ್ದೇ ತಡ ಅಕ್ಕ ಜಗಲಿಯಲ್ಲಿ ಕುಸಿದು ಕೂತಳು. ನಾನೇ ಚೊಂಬು ಹಿಡಿದು ನೀರು ಕುಡಿಸಿದೆ. ಮರುದಿನವೂ ಮಿಷನ್ ಏಳಲಿಲ್ಲ. ಅದರ ಮರುದಿನ ತೆಂಗಿನ ಗರಿ ಹೆಣೆದ ಮಡ್ಲಿನ ಮರೆ ಎದ್ದಿತು. ಹೆಂಗಸರಿಗೆ ಕರೆ ಬಂತು.

ನಾನು ಹೋಗಲಿಲ್ಲ. ಮತ್ತೆ ಯಾವತ್ತೂ ಆ ಗುಂಡಿಗೆ ಇಳಿಯಲಿಲ್ಲ. ಟೈಲರಿಂಗ್ ಕಲಿತೆ, ಮದುವೆಯಾಯಿತು, ಕುಂದಾಪುರಕ್ಕೆ ಬಂದೆ. ಅಕ್ಕ ಮಾತ್ರ ಕೋರೆಯಲ್ಲಿ ಕಲ್ಲು ಮುಗಿಯುವವರೆಗೂ ಹೊತ್ತಳು. ಒಮ್ಮೆ ಊರಿಗೆ ಹೋದಾಗ, ಅಷ್ಟು ಆದ ಮೇಲೂ ನಿನಗೆ ಹೆದರಿಕೆ ಹೋಯಿತಾ ಅಂತ ಕೇಳಿದ್ದೆ. "ಹೆದ್ರಿಕಿ ಎಂತಕ್ ಹೋಯ್ಕ್? ಅದ್ ಇದ್ದದ್ದಕ್ಕೇ ನೀನ್ ಇವತ್ತ್ ಮೀನ್ ಸಾರ್ ಉಂಬುದ್" ಅಂದು ತಟ್ಟೆಗೆ ಇನ್ನೊಂದು ಬಂಗುಡೆ ಹಾಕಿದ್ದಳು. ಅಡುಗೆಮನೆಯ ಗೋಡೆ ಆಗ ಪೂರ್ತಿಯಾಗಿತ್ತು. ಎಲ್ಲ ಮುಕ್ಕು ಕಲ್ಲು, ಒಂದಕ್ಕೂ ನೆಟ್ಟಗೆ ಮೂಲೆಯಿಲ್ಲ. ಸಾರಣೆ ಮಾಡಿರಲಿಲ್ಲ. ಬಾಗಿಲ ಬಳಿ ಒಂದು ಮೊಳೆ, ಮೊಳೆಯಲ್ಲಿ ಅದೇ ಚೀಲ. ಗಂಡನ ಹಳೆಯ ಲುಂಗಿಯಲ್ಲಿ ತಾನೇ ಕೈಹೊಲಿಗೆ ಹಾಕಿದ್ದು, ನೀಲಿ ಚೌಕಳಿ.

ಕೋರೆ ಈಗ ಇಲ್ಲ. ಗುಂಡಿಯಲ್ಲಿ ಹಸಿರು ನೀರು ನಿಂತಿದೆ ಅನ್ನುತ್ತಾರೆ, ನಾನು ನೋಡಲು ಹೋಗಿಲ್ಲ. ಬೇರೆ ಕೋರೆಗಳಲ್ಲಿ ಕಲ್ಲು ಕೊಯ್ಯುವುದೂ ಎತ್ತುವುದೂ ಮಿಷನ್ನೇ ಅಂತೆ. ಹೆಂಗಸರನ್ನು ಯಾರೂ ಬೇಡ ಅನ್ನುವುದಿಲ್ಲ, ಕರೆಯುವುದೂ ಇಲ್ಲ.

ಹೋದ ಮಳೆಗಾಲ ಮುಗಿಯುವಾಗ ಅಕ್ಕನಿಗೆ ಉಸಿರಾಟ ಕಷ್ಟವಾಯಿತು. ಇಲ್ಲಿಯೇ ಕುಂದಾಪುರದ ಆಸ್ಪತ್ರೆಗೆ ಸೇರಿಸಿದ್ದರು. ನಾನು ಅಂಗಡಿ ಮುಚ್ಚಿ ದಿನಾ ಗಂಜಿ ಒಯ್ಯುತ್ತಿದ್ದೆ. ಮೂಗಿಗೆ ನಳಿಗೆ ಹಾಕಲು ಬಂದರೆ ಸಣ್ಣ ಮಗುವಿನ ಹಾಗೆ ನನ್ನ ಕೈ ಹಿಡಿದುಕೊಳ್ಳುತ್ತಿದ್ದಳು. ಕೊನೆಗೆ ಮಾತಾಡಿದ ದಿನ ಕೇಳಿದ್ದು ಇಷ್ಟೇ, "ನನ್ ಚೀಲ ಎಲ್ಲಿತ್ತ್?"

"ಮನಿಯಂಗೇ ಇತ್ತ್ ಅಕ್ಕ, ಮೊಳಿಯಂಗೆ."

"ಯಾರೂ ಮುಟ್ಟುಕಾಗ, ಹಾಂ? ನಾನೇ ಬಂದ್ ತೆಗಿತೆ" ಅಂದಳು.

ಬರಲಿಲ್ಲ. ಎಲ್ಲ ಮುಗಿದ ಮೇಲೆ, ತ್ರಾಸಿ ಊರಿಗೆ ಮದುವೆ ಮಾಡಿ ಕೊಟ್ಟ ಅವಳ ಮಗಳು ಮನೆ ಗುಡಿಸುತ್ತಾ ಅಡುಗೆಮನೆಯ ಬಾಗಿಲ ಬಳಿ ನಿಂತು, "ಚಿಕ್ಕಿ, ಈ ಹಳಿ ಚೀಲ ತೆಗೂದಾ?" ಅಂತ ಕೇಳಿದಳು. ನಾನು ಹೌದು ಅನ್ನಬೇಕಿತ್ತು. "ಬ್ಯಾಡ, ಇರ್ಲಿ" ಅಂದೆ. ಆ ಹುಡುಗಿ ನನ್ನ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡಳು.

ಮೊನ್ನೆ ಸಂಜೆ ಓಣಿಯ ಉಳಿದ ಅಂಗಡಿಗಳೆಲ್ಲ ಮುಚ್ಚುತ್ತಾ ಬಂದವು. ಎದುರಿನ ಹೊಂಡದ ಕೆಲಸದವರು ಒಬ್ಬೊಬ್ಬರಾಗಿ ಹೊರಟರು. ಮಧ್ಯಾಹ್ನ ಬುತ್ತಿ ಉಂಡು ಅವಳು ಮತ್ತೆ ನೇತುಹಾಕಿದ ಹಳದಿ ಚೀಲ ನನ್ನ ಗ್ರಿಲ್ಲಿನಲ್ಲಿಯೇ ಇತ್ತು. ಬೀಗ ಕೈಯಲ್ಲಿ ಹಿಡಿದು ನಿಂತೆ, ಕೂತೆ, ಮತ್ತೆ ಎದ್ದೆ. ಕೊನೆಗೆ ತಾಳಲಾರದೆ ರಸ್ತೆ ದಾಟಿ ಹೊಂಡದ ಅಂಚಿಗೆ ಹೋಗಿ, ನನಗೇ ಗೊತ್ತಿಲ್ಲದೆ ಕೂಗಿದೆ.

"ಹ್ವಾಯ್! ಇದ್ಯಾ?"

"ಇದ್ದೆ ಅಕ್ಕಾ! ಹಾರೆ ತೊಳಿತಿದ್ದೆ" ಅಂತ ಒಳಗಿನಿಂದ ದನಿ ಬಂತು. ಅವಳು ಮೇಲೆ ಹತ್ತಿ ಬಂದು, ನನ್ನ ಮುಖ ನೋಡಿ, "ಎಂತ ಅಕ್ಕ, ಚೀಲ ಹೊರಗ್ ಇಟ್ಟ್ ಬೀಗ ಹಾಕುಕಾಗ್ತಿತ್ತಲೆ, ನಂಗಾಯಿ ಕಾದ್ರ್ಯಾ?" ಅಂತ ನಕ್ಕಳು. ತನ್ನ ಚೀಲ ತಾನೇ ತೆಗೆದುಕೊಂಡು ಹೋದಳು. ಅವಳು ಓಣಿಯ ತಿರುವು ದಾಟುವವರೆಗೂ ನೋಡಿದೆ. ಆಮೇಲೆಯೇ ಬೀಗ ಹಾಕಿದೆ.

ಊರಿನಲ್ಲಿ ಅಕ್ಕನ ಮನೆಯ ಕೀಲಿ ಈಗ ನನ್ನ ಹತ್ತಿರವೇ ಇದೆ. ತಿಂಗಳಿಗೊಮ್ಮೆ ಹೋಗಿ ಬಾಗಿಲು ತೆಗೆದು ಗುಡಿಸಿ ಬರುತ್ತೇನೆ. ಮುಕ್ಕು ಕಲ್ಲಿನ ಗೋಡೆಯ ಮೊಳೆಯಲ್ಲಿ ನೀಲಿ ಚೌಕಳಿಯ ಚೀಲ ಹಾಗೇ ಇದೆ. ಅವರವರ ಚೀಲ ಅವರವರೇ ತೆಗೆಯಬೇಕು ಅಂತ ಕಟ್ಟಳೆ ಮಾಡಿದವಳು ಅವಳು. ನಾನು ಅದರ ಸುತ್ತಲೂ ಗುಡಿಸಿ, ಬಾಗಿಲು ಹಾಕಿಕೊಂಡು ಬರುತ್ತೇನೆ.